ಬೇಡವೆಂದ ಅಂಕ

ನಾವು ಓದುತ್ತಿದ್ದ ಕಾಲದಲ್ಲಿ ಅಂಕವೆಂದರೆ ಹಣೆಬರಹದ ಒಡಹುಟ್ಟು. ಬಂದದ್ದನ್ನು ಕಣ್ಣಿಗೊತ್ತಿಕೊಂಡೋ ಕಣ್ಣೀರು ಸುರಿಸಿಯೋ ಸ್ವೀಕರಿಸಬೇಕಿತ್ತೇ ಹೊರತು "ಇದು ನನಗೆ ಬೇಡ" ಎನ್ನುವ ಮಾತೇ ಇರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯ ಬಿಟ್ಟುಕೊಂಡು ಮರುಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗಿಯ ಅಂಕಪಟ್ಟಿಯ ಮೇಲೆ ಆ ತಿಂಗಳ ಹೆಸರು ಅಚ್ಚಾಗಿರುತ್ತಿತ್ತು. ಹೆಣ್ಣು ನೋಡಲು ಬಂದವರಲ್ಲಿ ಯಾರಾದರೊಬ್ಬರು ಮೇಷ್ಟರಿದ್ದರೆ ಅವರ ಕಣ್ಣು ನೇರವಾಗಿ ಹೋಗುತ್ತಿದ್ದುದು ಅಲ್ಲಿಗೇ. "ಓಹೋ, ಎರಡನೇ ಸಲದ್ದು" ಎಂದು ಒಂದು ಮಾತು. ಪರೀಕ್ಷೆ ಬರೆದದ್ದು ಮೂರು ಗಂಟೆ, ಆ ತಿಂಗಳ ಹೆಸರನ್ನು ಹೊತ್ತದ್ದು ಜೀವನಪೂರ್ತಿ.

ಹಾಗಾಗಿ, ಬಂದ ಅಂಕವನ್ನು ಕಣ್ಣಾರೆ ನೋಡಿ, ಮೆಚ್ಚುಗೆಯಾಗದಿದ್ದರೆ ರದ್ದು ಮಾಡಿ ಎದ್ದು ಬರಬಹುದಾದ ಪರೀಕ್ಷೆಯೂ ಒಂದಿದೆ ಎಂದು ತಿಳಿದಾಗ ನನಗೆ ಆಶ್ಚರ್ಯದ ಜೊತೆಗೆ, ಸುಳ್ಳೇಕೆ ಹೇಳಲಿ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ತಿಳಿಸಿದವಳು ನನ್ನ ತಂಗಿಯ ಮಗಳು. ಇದು 2017ರ ಮಾತು. ಬೆಂಗಳೂರಿನ ಕಂಪನಿಯೊಂದರಲ್ಲಿ ಮೂರು ವರ್ಷ ದುಡಿದಿದ್ದ ಅವಳಿಗೆ ಒಳ್ಳೆಯ ಕಡೆ ಎಂ.ಬಿ.ಎ. ಮಾಡುವ ಆಸೆ. ಅದಕ್ಕಾಗಿ ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆಗೆ ಕೂತಿದ್ದಳು.

ಈ ಜಿಮ್ಯಾಟ್‌ನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅಮೆರಿಕದಲ್ಲಿ 1954ರಲ್ಲಿ ಶುರುವಾದ ಇದು 1997ರಿಂದ ಕಂಪ್ಯೂಟರಿನ ಮೇಲೆ ನಡೆಯುತ್ತಿದೆ. ಸರಿಯುತ್ತರ ಕೊಟ್ಟರೆ ಮುಂದೆ ಹೆಚ್ಚು ಕಷ್ಟದ ಪ್ರಶ್ನೆ, ತಪ್ಪಿದರೆ ಸುಲಭದ್ದು. ಹಾಗಾಗಿ ಜಾಣರಿಗೂ ಕೊನೆಯವರೆಗೆ ಬೆವರು ಆರುವುದಿಲ್ಲ. ಆಗ ಅಂಕಗಳು 200ರಿಂದ 800ರವರೆಗೆ ಇದ್ದವು. ಶುಲ್ಕ 250 ಡಾಲರ್, ಅಂದರೆ ಆಗಿನ ಲೆಕ್ಕಕ್ಕೆ ಸುಮಾರು ಹದಿನಾರು ಸಾವಿರ ರೂಪಾಯಿ. ಪರೀಕ್ಷೆ ಆರಂಭಿಸುವ ಮೊದಲೇ ಅಂಕ ಯಾವ ಯಾವ ಶಾಲೆಗಳಿಗೆ ಹೋಗಬೇಕೆಂದು ಐದರವರೆಗೆ ಹೆಸರು ಗುರುತಿಸಿಡಬಹುದಿತ್ತು. ಮೂರೂವರೆ ಗಂಟೆಯ ಹೋರಾಟ ಮುಗಿದ ಮೇಲೆ ಪರದೆಯ ಮೇಲೆ ಅಂಕ ಮೂಡುತ್ತಿತ್ತು. ಒಪ್ಪುತ್ತೀರೋ, ರದ್ದು ಮಾಡುತ್ತೀರೋ ಎಂಬ ಪ್ರಶ್ನೆ. ಯೋಚಿಸಲು ಎರಡು ನಿಮಿಷ.

ಎರಡು ನಿಮಿಷದಲ್ಲಿ ನಾವು ಸಂತೆಯಲ್ಲಿ ಬದನೆಕಾಯಿ ಆರಿಸುವುದೂ ಮುಗಿಯುವುದಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಬರೆದ ಪರೀಕ್ಷೆಗಳಲ್ಲಿ ಅವಳಿಗೆ 680, 690 ಬರುತ್ತಿತ್ತಂತೆ. ಆ ದಿನ ಪರದೆಯ ಮೇಲೆ ಮೂಡಿದ್ದು 590. ಪ್ರಪಂಚದಲ್ಲೆಲ್ಲ ಈ ಪರೀಕ್ಷೆ ಬರೆಯುವವರ ಸರಾಸರಿ ಆಗ 550ರ ಆಸುಪಾಸಿನಲ್ಲಿತ್ತು. ಆ ಲೆಕ್ಕಕ್ಕೆ ಇದು ಕಳಪೆಯೇನೂ ಅಲ್ಲ. ಆದರೆ ಅವಳು ಕಣ್ಣಿಟ್ಟಿದ್ದ ಶಾಲೆಗಳಿಗೆ ಸೇರುವವರ ಸರಾಸರಿ 700ರ ಹತ್ತಿರ. ಗಡಿಯಾರದಲ್ಲಿ ಕೆಲವೇ ಸೆಕೆಂಡುಗಳು ಉಳಿದಿದ್ದಾಗ ರದ್ದು ಮಾಡಿದಳು. ಹೊರಗೆ ಬಂದು ಮೊಬೈಲ್ ತೆರೆಯುವಷ್ಟರಲ್ಲಿ ತಿಪಟೂರಿನಿಂದ ಅಪ್ಪನ ಫೋನು. "ಬಂತೇನಮ್ಮಾ?" "ಇನ್ನೂ ಇಲ್ಲಪ್ಪ, ತಡ ಆಗುತ್ತಂತೆ."

ರಾತ್ರಿ ನನಗೆ ಫೋನ್ ಮಾಡಿದಳು. "ದೊಡ್ಡಮ್ಮಾ, ಕ್ಯಾನ್ಸಲ್ ಮಾಡಿದ್ದು ತಪ್ಪಾ?" ಮುಗಿದು ಹೋದದ್ದರ ಬಗ್ಗೆ ಸಮಾಧಾನ ಹೇಳಿದರೆ ಸಾಕು ಎಂದುಕೊಂಡರೆ ಹಾಗಿರಲಿಲ್ಲ. ರದ್ದಾದ ಅಂಕವನ್ನು 50 ಡಾಲರ್ ಕಟ್ಟಿ ಮತ್ತೆ ಜೀವಂತ ಮಾಡಿಕೊಳ್ಳಬಹುದಂತೆ, ಅದಕ್ಕೆ ಐದು ವರ್ಷಕ್ಕೆ ಒಂದು ತಿಂಗಳು ಕಡಿಮೆಯಷ್ಟು ಗಡುವು. ಅಂದರೆ ಪ್ರಶ್ನೆ ಇನ್ನೂ ಬಾಗಿಲಲ್ಲೇ ನಿಂತಿತ್ತು.

ಮೊದಲು ಶಾಲೆಗಳ ಕಡೆಯಿಂದ ನೋಡೋಣ. ಬಂದ ಅಂಕವನ್ನು ಅವರಿಂದ ಮರೆಮಾಡಿದರೆ ಅದು ಮೋಸವೇ? ಈ ನಿಯಮದ ಕಥೆಯೇ ಸ್ವಾರಸ್ಯವಾಗಿದೆ. 2014ರ ಜೂನ್‌ಗೆ ಮುಂಚೆ ಅಂಕ ನೋಡದೆಯೇ ರದ್ದು ಮಾಡಬೇಕಿತ್ತು. ನಾನು ಬರೆದದ್ದು ಹೇಗಿತ್ತು ಎಂದು ನನ್ನ ಮನಸ್ಸನ್ನೇ ಕೇಳಿ ತೀರ್ಮಾನಿಸಬೇಕು. ರದ್ದು ಮಾಡಿದ್ದು ಒಳ್ಳೆಯ ಅಂಕವೂ ಆಗಿರಬಹುದು. ಆ ವರ್ಷ, ನೋಡಿ ನಿರ್ಧರಿಸುವ ಅವಕಾಶ ಬಂತು. ಆದರೂ ಶಾಲೆಗೆ ಹೋಗುವ ವರದಿಯಲ್ಲಿ "ಸಿ" ಎಂಬ ಒಂದಕ್ಷರ ಉಳಿದುಬಿಡುತ್ತಿತ್ತು, ನಮ್ಮ ಅಂಕಪಟ್ಟಿಯ ತಿಂಗಳ ಹೆಸರಿನ ಹಾಗೆ. 2015ರ ಜುಲೈಯಲ್ಲಿ ಅದನ್ನೂ ತೆಗೆದರು. ಪರೀಕ್ಷೆ ನಡೆಸುವವರೇ ಮಾಡಿದ ನಿಯಮ ಇದು, ಶಾಲೆಗಳಿಗೆಲ್ಲ ಗೊತ್ತಿರುವ ನಿಯಮ. ಒಂದು ಅಂಕ ಕಳಿಸಿದವರ ಬೆನ್ನ ಹಿಂದೆ ಇನ್ನೊಂದು ಇರಬಹುದೆಂದು ತಿಳಿದೇ ಅವರು ವರದಿ ಓದುತ್ತಾರೆ. ಅಲ್ಲದೆ ಹೆಚ್ಚಿನ ಶಾಲೆಗಳು ಹಲವು ಸಲ ಬರೆದವರ ಅತಿ ಹೆಚ್ಚಿನ ಅಂಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಹೀಗಿರುವಾಗ ಸುಮ್ಮನಿದ್ದರೆ ಅದನ್ನು ಮೋಸವೆನ್ನಲು ನನಗೆ ನಾಲಿಗೆ ಬಾರದು. ಅರ್ಜಿಯಲ್ಲಿ "ಎಷ್ಟು ಸಲ ಬರೆದಿರಿ?" ಎಂದು ಕೇಳಿದ್ದರೆ ಮಾತು ಬೇರೆ.

ನಮ್ಮ ಶಾಲೆಯ ಗಣಿತದ ಮೇಡಂ ಇದನ್ನು ಒಪ್ಪಲಿಲ್ಲ. ಸ್ಟಾಫ್ ರೂಮಿನಲ್ಲಿ ಟಿಫನ್ ಬಾಕ್ಸ್ ಮುಚ್ಚುತ್ತಾ, "ಹತ್ತು ಬಾಣ ಬಿಟ್ಟು ನಾಟಿದ್ದೊಂದನ್ನೇ ತೋರಿಸಿದರೆ ನಾನೂ ಅರ್ಜುನನೇ" ಎಂದರು. ಮಾತಿನಲ್ಲಿ ಹುರುಳಿದೆ. ಆದರೆ ಈ ಅಂಕದಲ್ಲೇ 30, 40ರಷ್ಟು ಆಚೀಚೆ ಆಗುವುದು ಅಳತೆಯ ಸಹಜ ದೋಷವೆಂದು ಪರೀಕ್ಷೆಯವರೇ ಹೇಳುತ್ತಿದ್ದರು. ಅದೇ ಹುಡುಗಿ ಇನ್ನೊಂದು ದಿನ ಕೂತಿದ್ದರೆ 620 ಬರಬಹುದಿತ್ತು, 560ಕ್ಕೂ ಇಳಿಯಬಹುದಿತ್ತು. ಅಲುಗಾಡುವ ತಕ್ಕಡಿಯಲ್ಲಿ ಎರಡು ಸಲ ತೂಗಿಸಿಕೊಳ್ಳುವುದರಲ್ಲಿ ಅನ್ಯಾಯವೇನಿದೆ? ವರ್ಷಕ್ಕೆ ಐದಕ್ಕಿಂತ ಹೆಚ್ಚು ಸಲ ಬರೆಯುವಂತಿಲ್ಲವಾದ್ದರಿಂದ ಹತ್ತು ಬಾಣದ ಮಾತು ಅಷ್ಟಾಗಿ ಹೊಂದುವುದೂ ಇಲ್ಲ. ಮೇಡಂ ನಕ್ಕು, "ಹೋಗಲಿ, ಐದು ಬಾಣ ಕೊಳ್ಳಲು ದುಡ್ಡಿರಬೇಕಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹದಿನಾರು ಸಾವಿರವೆಂದರೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮನ ಹಲವು ತಿಂಗಳ ಗೌರವಧನ.

ನನ್ನನ್ನು ಕಾಡಿದ್ದು ಶಾಲೆಗಳ ವಿಷಯವಲ್ಲ. ಅಪ್ಪನಿಗೆ ಹೇಳಿದ "ಇನ್ನೂ ಇಲ್ಲಪ್ಪ" ಎಂಬ ಮಾತು. ಧರ್ಮರಾಯನ ಕಥೆ ನಮಗೆಲ್ಲ ಗೊತ್ತು. ಅಶ್ವತ್ಥಾಮ ಸತ್ತನೆಂದು ಭೀಮ ಕೂಗಿದಾಗ ದ್ರೋಣರು ನಂಬಲಿಲ್ಲ. ಧರ್ಮರಾಯನನ್ನೇ ಕೇಳಿದರು. ಅವನು ಸುಳ್ಳಾಡುವವನಲ್ಲ ಎಂಬ ಒಂದೇ ನಂಬಿಕೆಯಿಂದ ಕೇಳಿದರು. ಅವನು ಆನೆಯೆಂಬ ಮಾತನ್ನು ಮೆಲ್ಲಗೆ ನುಂಗಿದ. ನೆಲ ಮುಟ್ಟದೆ ನಾಲ್ಕು ಅಂಗುಲ ಮೇಲೆ ಸಾಗುತ್ತಿದ್ದ ಅವನ ರಥ ಕೆಳಗಿಳಿಯಿತು. ಅವನು ಏನನ್ನೂ ಹೇಳದೆ ಸುಮ್ಮನಿದ್ದಿದ್ದರೆ ರಥ ಇಳಿಯುತ್ತಿತ್ತೇ ಎಂದು ಬಿ.ಎ.ಯಲ್ಲಿದ್ದಾಗ ನಮ್ಮ ತತ್ತ್ವಶಾಸ್ತ್ರದ ತರಗತಿಯಲ್ಲಿ ವಾದ ಎದ್ದಿತ್ತು. ಜರ್ಮನಿಯ ಕಾಂಟ್ ಮಹಾಶಯ, ಸುಳ್ಳಿನ ವಿಷಯದಲ್ಲಿ ಎಳ್ಳಷ್ಟೂ ಸಡಿಲ ಬಿಡದವನು, ಅವನೂ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಲೇಬೇಕೆಂದು ಕಟ್ಟುಹಾಕಲಿಲ್ಲ. ಹೇಳಿದ್ದು ಮಾತ್ರ ನಿಜವಿರಬೇಕೆಂದ. ಶಾಲೆಗಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಅಪ್ಪ ಕೇಳಿದರು. ನಂಬಿ ಕೇಳಿದರು. ಕೋಚಿಂಗಿಗೂ ಪರೀಕ್ಷೆಗೂ ಕೊಬ್ಬರಿ ಮಾರಿದ ದುಡ್ಡು ಕೊಟ್ಟವರು ಕೇಳಿದರು. ರದ್ದು ಮಾಡುವ ಹಕ್ಕು ಪರೀಕ್ಷೆಯವರು ಕೊಟ್ಟದ್ದು. ಅದು ಪರೀಕ್ಷಾ ಕೇಂದ್ರದ ಬಾಗಿಲ ತನಕ. ಮನೆಯ ಹೊಸಿಲಿಗೆ ಅದು ನಡೆಯದು.

ಇನ್ನೊಂದು ಸಂಗತಿ. "ಯಾವ ಭಾಗದಲ್ಲಿ ಇಳಿಯಿತು, ಲೆಕ್ಕದಲ್ಲೋ ಇಂಗ್ಲಿಷಿನಲ್ಲೋ?" ಎಂದು ಕೇಳಿದೆ. ಅವಳಿಗೆ ನೆನಪಿರಲಿಲ್ಲ! ಪರದೆಯ ಮೇಲೆ ಎಲ್ಲ ಇತ್ತಂತೆ, ಅವಳು ನೋಡಿದ್ದು ಒಟ್ಟು ಮೊತ್ತ ಮಾತ್ರ. ಆ ಎರಡು ನಿಮಿಷ ಅವಳು ಪರದೆಯನ್ನು ನೋಡಿದ್ದು ಬೇರೆಯವರ ಕಣ್ಣಿನಿಂದ. ಗೆಳತಿಯರು ಏನೆಂದಾರು, ಆಫೀಸಿನಲ್ಲಿ ಯಾರು ಕೇಳಿಯಾರು ಎಂದು. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದದ್ದು ತಪ್ಪಿದರೆ ಬಿಳಿ ಬಣ್ಣ ಬಳಿಯುವಂತಿಲ್ಲ, ಬ್ಲೇಡಿನಿಂದ ಕೆರೆಯುವಂತಿಲ್ಲ. ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಗೆರೆಯ ಕೆಳಗಿನದು ಓದಲು ಬರಬೇಕು. ಊರಿಗೆಲ್ಲ ತೋರಿಸುವ ಪುಸ್ತಕವೇನೂ ಅಲ್ಲ ಅದು, ಬೀರುವಿನಲ್ಲೇ ಇರುತ್ತದೆ. ಅವಳಿಗೆ ಅಷ್ಟನ್ನೇ ಹೇಳಿದೆ. "590ರ ಮೇಲೆ ಗೆರೆ ಎಳಿ, ಕೆರೆದು ಹಾಕಬೇಡ. ಕೂತು ನೆನಪು ಮಾಡಿಕೋ. ಅಪ್ಪನಿಗೆ ಹೇಳು." ಮತ್ತೆ ಜೀವಂತ ಮಾಡಬೇಕೋ ಬೇಡವೋ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದಿತ್ತು.

ನೆನಪು ಮಾಡಿಕೊಂಡಾಗ ಹೊರಬಿದ್ದದ್ದು ಇಷ್ಟು. ಲೆಕ್ಕದ ಭಾಗದಲ್ಲಿ 75 ನಿಮಿಷಕ್ಕೆ 37 ಪ್ರಶ್ನೆ, ತಲಾ ಎರಡು ನಿಮಿಷ. ಒಂದೆರಡು ಪ್ರಶ್ನೆಗಳನ್ನು ಬಿಡಲಾರದೆ ಹಟ ಹಿಡಿದು ಕೂತು, ಕೊನೆಯ ಏಳೆಂಟಕ್ಕೆ ಕಣ್ಣುಮುಚ್ಚಿ ಉತ್ತರ ಒತ್ತಿದ್ದಳು. ಬರೆದ ಉತ್ತರಕ್ಕೆ ಹಿಂದಿರುಗಿ ಹೋಗಲು ಆಗ ಅವಕಾಶವಿರಲಿಲ್ಲ. ಬಿಡಲು ಬಾರದ ಸ್ವಭಾವ ಅವಳದು, ಚಿಕ್ಕಂದಿನಿಂದಲೂ.

ಅಪ್ಪನಿಗೆ ಹೇಳಿದಳು. ನನ್ನ ತಂಗಿಯ ಯಜಮಾನರು ಓದಿದ್ದು ಹತ್ತನೇ ತರಗತಿ. ನಾಲ್ಕೆಕರೆ ತೆಂಗಿನ ತೋಟ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಲು ವಾಪಸ್ ತಂದೆ ಅನ್ನು" ಎಂದರಂತೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಟೆಂಡರು ನಡೆಯುತ್ತದೆ. ಕೂಗಿದ ದರ ಒಪ್ಪಿಗೆಯಾಗದಿದ್ದರೆ ರೈತ ಕೊಡುವುದಿಲ್ಲ ಎನ್ನಬಹುದು. ಮುಂದಿನ ಸಲ ಅದೇ ಚೀಲ ಇಳಿಸಿದಾಗ ಕಳೆದ ವಾರದ ದರವನ್ನು ಅವನು ವರ್ತಕರಿಗೆ ಹೇಳಬೇಕಿಲ್ಲ. "ಆದರೆ ಮನೆಗೆ ಬಂದು ಇವತ್ತು ಟೆಂಡರೇ ಆಗ್ಲಿಲ್ಲ ಅಂತ ನಿಮ್ಮಮ್ಮಂಗೆ ಹೇಳಿದೀನಾ ಯಾವತ್ತಾದ್ರೂ?" ಎಂದರಂತೆ. ನಾನು ಧರ್ಮರಾಯನಿಂದ ಕಾಂಟ್‌ವರೆಗೆ ಅಲೆದು ಕಂಡದ್ದನ್ನು ಅವರು ಜಗಲಿಯ ಮೇಲೆ ಕೂತು ಹೇಳಿದ್ದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. "ವಾಪಸ್ ತಂದದ್ದು ಸರಿ, ಇಡೋಕೆ ಅಟ್ಟ ಇದೆಯಾ ನಿಂಗೆ?"

ನಮ್ಮ ಸೀಮೆಯವರಿಗೆ ಅಟ್ಟವೆಂದರೆ ಏನೆಂದು ಹೇಳಬೇಕಿಲ್ಲ. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಒಳ್ಳೆಯ ದರಕ್ಕೆ ಕಾಯುವವನಿಗೆ ಅಟ್ಟ ಬೇಕು, ಕಾಯುವಷ್ಟು ದಿನ ಮನೆ ನಡೆಸಲು ಕಾಸು ಬೇಕು, ಸಾಲಗಾರ ಬಾಗಿಲಿಗೆ ಬಂದಿರಬಾರದು. ತೀರಾ ಕಾದರೆ ಕೌಟು ಹಿಡಿಯುತ್ತದೆ. ಇವಳ ಅಟ್ಟವೆಂದರೆ ರಜೆ, ಶುಲ್ಕ, ಅರ್ಜಿಯ ಗಡುವು, ಮತ್ತು ಮದುವೆಯ ವಿಷಯ ಎತ್ತುವ ನೆಂಟರಿಷ್ಟರು. ಕೂತು ಎಣಿಸಿದಾಗ ನಾಲ್ಕು ತಿಂಗಳ ಅಟ್ಟವಿತ್ತು. 590ನ್ನು ರದ್ದಾಗಿಯೇ ಬಿಟ್ಟು ನಾಲ್ಕು ತಿಂಗಳ ನಂತರ ಮತ್ತೆ ಬರೆದಳು. 640 ಬಂತು. ಅದೂ ಅವಳ 700 ಅಲ್ಲ. ಈ ಸಲ ಎಲ್ಲ ಭಾಗಗಳನ್ನೂ ನೋಡಿ, ಒಪ್ಪಿಕೊಂಡು ಎದ್ದು ಬಂದಳು. ಬಯಸಿದ ಶಾಲೆ ಸಿಗಲಿಲ್ಲ, ಅಷ್ಟು ಹೆಸರಿಲ್ಲದ ಇನ್ನೊಂದರಲ್ಲಿ ಓದಿದಳು. 640 ಬಂದ ಮೇಲೂ ಮತ್ತೊಮ್ಮೆ ಬರೆಯಬಹುದಿತ್ತಲ್ಲ ಎಂದು ನನ್ನ ತಂಗಿ ಈಗಲೂ ಗೊಣಗುತ್ತಾಳೆ.

ಈಗ ಆ ಎರಡು ನಿಮಿಷದ ಗಡಿಯಾರವಿಲ್ಲ. 2023ರ ನವೆಂಬರಿನಲ್ಲಿ ಪರೀಕ್ಷೆಯ ಸ್ವರೂಪವನ್ನೇ ಬದಲಿಸಿದರು, 2024ರ ಜನವರಿಗೆ ಹಳೆಯದು ನಿಂತಿತು. ಈಗ ಅಂಕ ನೋಡಿಕೊಂಡ ಮೇಲೆ ಯಾವ ಶಾಲೆಗೆ ಕಳಿಸಬೇಕೆಂದು ಆರಿಸುವುದು. ಅಂಕಗಳೂ 205ರಿಂದ 805. ಒಳ್ಳೆಯದೇ ಆಯಿತು. ನಮ್ಮ ಎಸ್.ಎಸ್.ಎಲ್.ಸಿ.ಗೂ 2024ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಕೊಟ್ಟರು. ಪಾಸಾದವರೂ ಹೆಚ್ಚು ಅಂಕಕ್ಕಾಗಿ ಮತ್ತೆ ಬರೆಯಬಹುದು, ಮೇಲಾದದ್ದೇ ಉಳಿಯುತ್ತದೆ. ಮಕ್ಕಳು ಹಗುರವಾಗಿ ತೆಗೆದುಕೊಳ್ಳುತ್ತಾರೆಂದು ಸಹೋದ್ಯೋಗಿಗಳ ದೂರು. ಇರಬಹುದು. ಒಂದು ತಿಂಗಳ ಹೆಸರನ್ನು ಜೀವನವಿಡೀ ಹೊತ್ತವರನ್ನು ನೋಡಿದ ನನಗೆ ಆ ದೂರಿನಲ್ಲಿ ಅಷ್ಟು ಉತ್ಸಾಹವಿಲ್ಲ.

ಆದರೆ ತಂಗಿಯ ಯಜಮಾನರ ಪ್ರಶ್ನೆ ಇಲ್ಲಿಯೂ ಬಿಡುವುದಿಲ್ಲ. 2024ರಲ್ಲೇ ನಮ್ಮ ತರಗತಿಯ ಒಬ್ಬ ಹುಡುಗಿಗೆ ಗಣಿತದಲ್ಲಿ 41 ಬಂತು. ಅವಳಿಗೆ ಎಪ್ಪತ್ತರ ಮೇಲೆ ಬರಬೇಕಿತ್ತು. ಮತ್ತೆ ಬರೆಯಲು ಅವಳಿಗೆ ಆಸೆ. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಅಜ್ಜಿ, ತಾಯಿ ಕೂಲಿಗೆ ಹೋಗುತ್ತಾಳೆ, ಅಜ್ಜಿಯನ್ನು ನೋಡಿಕೊಳ್ಳುವವಳು ಇವಳೇ. ನಾನು ಮನೆಗೆ ಹೋದೆ. "ಪಾಸಾಗವಳಲ್ಲ ಮಿಸ್, ಇನ್ಯಾಕೆ?" ಎಂದಳು ತಾಯಿ. ವಿವರಿಸಿದೆ. "ಕಮ್ಮಿ ಬಂದ್ರೆ?" "ಕಮ್ಮಿ ಬಂದರೆ ಹಳೆಯದೇ ಉಳಿಯುತ್ತಮ್ಮ." "ಹಂಗಾದ್ರೆ ಬರೀಲಿ. ಆವತ್ತು ನಾನು ಕೂಲಿ ಬಿಡ್ತೀನಿ." ಬರೆಯುವ ದಿನ ಒಂದೇ ಸಾಲದು, ಓದಲು ಒಂದು ವಾರವಾದರೂ ಬೇಕು ಎಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

"ವಾರ ಆಗಕಿಲ್ಲ ಮಿಸ್. ಮೂರು ದಿನ ಬಿಡ್ತೀನಿ."