ಡಿಸ್ಕಿನ ಮಾತಿಗೆ ಡಿಸ್ಕೇ ಸಾಕ್ಷಿಯೇ?

1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಅದೇ ಮಳವಳ್ಳಿಯಲ್ಲೋ ಮದ್ದೂರು, ಮಂಡ್ಯಗಳಲ್ಲೋ ಕರೆಂಟು ಫಕ್ಕನೆ ಹೋಗಿ, ಯುಪಿಎಸ್ಸೂ ಕೈಕೊಟ್ಟ ಲಿನಕ್ಸ್ ಯಂತ್ರ ಮತ್ತೆ ಏಳುವಾಗ ನಮ್ಮ ದರ್ಶನಗಳ ಹಳೆಯ ಜಗಳವೊಂದು ಅದರೊಳಗೆ ನಡೆಯುತ್ತದೆ. ಅರಿವು ನಿಜವೆಂಬುದು ಅದರಿಂದಲೇ ತಿಳಿಯುತ್ತದೆಯೋ, ಹೊರಗಿನ ಸಾಕ್ಷಿ ಬೇಕೋ? ಸುಳ್ಳೆಂದು ತೋರಿಸುವ ಬಾಧಕ ಕಾಣುವವರೆಗೆ ನಂಬು ಎಂದದ್ದು ಮೀಮಾಂಸಕರ ಸ್ವತಃಪ್ರಾಮಾಣ್ಯ. ಇದೇ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಪರಂಪರೆಯೂ ಆ ಪಕ್ಷವೇ. ನೈಯಾಯಿಕರು ಒಪ್ಪಲಿಲ್ಲ. ಕಂಡದ್ದು ನೀರೇ ಎಂದು ಖಾತ್ರಿಯಾಗುವುದು ಕುಡಿದು ದಾಹ ತೀರಿದ ಮೇಲೆ ಎಂದರು.

ಯಂತ್ರ ಮೊದಲಿಗೆ ಮೀಮಾಂಸಕ. ಡಿಸ್ಕಿನ ಸ್ಥಿತಿ ಬರೆದಿಡುವ ಸೂಪರ್‌ಬ್ಲಾಕಿನಲ್ಲಿ ‘ಕ್ಲೀನ್’ ಎಂಬ ಗುರುತಿದ್ದರೆ ಸಾಮಾನ್ಯವಾಗಿ ಡಿಸ್ಕನ್ನು ನಂಬಿ ಮುಂದೆ ಹೋಗುತ್ತದೆ. ದೋಷ ದಾಖಲಾಗಿದ್ದರೆ ಡಿಸ್ಕ್ ಪರೀಕ್ಷಿಸಿ ತಿದ್ದುವ ಎಫ್‌ಎಸ್‌ಸಿಕೆ ಐದು ಹಂತಗಳಲ್ಲಿ ಜಾಲಾಡುತ್ತದೆ. ಹೆಸರು ಕಳೆದುಕೊಂಡ ಫೈಲು ಸಿಕ್ಕರೆ ಅದರ ಒಳಗುರುತಾದ ಐನೋಡ್ ಸಂಖ್ಯೆಯನ್ನೇ ಹೆಸರಾಗಿಟ್ಟು ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರಿಗೆ ಸೇರಿಸುತ್ತದೆ. ಒಂದೇ ಬ್ಲಾಕನ್ನು ಎರಡು ಫೈಲುಗಳು ತಮ್ಮದೆಂದಾಗ ಅದು ಮಾಡುವ ಪಂಚಾಯಿತಿಯನ್ನು ಗಮನಿಸಬೇಕು. ಬ್ಲಾಕು ನಿಜಕ್ಕೂ ಯಾರದೆಂದು ಅದು ವಿಚಾರಿಸುವುದಿಲ್ಲ, ನಕಲು ಮಾಡಿ ಇಬ್ಬರಿಗೂ ಒಂದೊಂದು ಕೊಡುತ್ತದೆ. ಲೆಕ್ಕ ಹೊಂದಿತು; ಒಂದು ಫೈಲಿನ ಹೊಟ್ಟೆಯಲ್ಲಿ ಮಾತ್ರ ಇನ್ನೊಂದರ ಬರಹ ಉಳಿಯಿತು. ಒಳಗಿನ ಹೊಂದಿಕೆ ಬೇರೆ, ನಿಜ ಬೇರೆ ಎನ್ನಲು ಇಷ್ಟು ಪುರಾವೆ ಸಾಕೆಂದು ನನ್ನ ಅಭಿಪ್ರಾಯ.

ಚೆಕ್‌ಸಮ್ ಇಟ್ಟುಕೊಳ್ಳುವ ಝಡ್‌ಎಫ್‌ಎಸ್‌ನಂಥ ಫೈಲ್ ವ್ಯವಸ್ಥೆಗಳು ಬರಹವನ್ನೂ ಪರೀಕ್ಷಿಸುತ್ತವಲ್ಲ ಎನ್ನಬಹುದು. ಬರೆದದ್ದು ಬರೆದಂತೆಯೇ ಇದೆ ಎಂಬುದಷ್ಟೇ ಅವುಗಳ ಸಾಕ್ಷ್ಯ. ಜಮೀನು ದಾಖಲೆಗಳ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದಲ್ಲೇ ತಪ್ಪಿದ್ದ ವಿಸ್ತೀರ್ಣವನ್ನು ಚೆಕ್‌ಸಮ್ ಒಂದಕ್ಷರವೂ ಕೆಡದಂತೆ ಕಾಯುತ್ತದೆ. ನಾಲ್ಕು ಗುಂಟೆಯ ತಕರಾರು ತೀರಬೇಕಾದರೆ ಸರ್ವೇಯರು ಗದ್ದೆಗೇ ಇಳಿಯಬೇಕು. ಇದಕ್ಕಿಂತ ತೂಕದ ಆಕ್ಷೇಪ ಮೀಮಾಂಸಕನದು. ಸಾಕ್ಷಿಗೂ ಸಾಕ್ಷಿ ಬೇಕೆಂದರೆ ಕೊನೆಯೇ ಇಲ್ಲದ ಅನವಸ್ಥೆ ಬರುತ್ತದೆ. ಎಫ್‌ಎಸ್‌ಸಿಕೆ ಓಡುವುದೂ ಅದೇ ಯಂತ್ರದ ಮೆಮೊರಿಯಲ್ಲಿ, ಮೆಮೊರಿ ಕೆಟ್ಟಿದ್ದರೆ ರಿಪೇರಿಯೇ ಡಿಸ್ಕನ್ನು ಹಾಳುಮಾಡೀತು. ನಿಜ, ಎಲ್ಲೋ ಒಂದು ಕಡೆ ನಂಬಿ ನಿಲ್ಲಲೇಬೇಕು. ಆದರೆ ಎಲ್ಲಿ ಎಂಬುದನ್ನು ಆಗಬಹುದಾದ ನಷ್ಟ ಹೇಳುತ್ತದೆ. ದಿನದ ಕೆಲಸಕ್ಕೆ ‘ಕ್ಲೀನ್’ ಗುರುತು ಸಾಕು. ಕೆಟ್ಟ ಡಿಸ್ಕಿನ ಮುಂದೆ ಎಲ್ಲಕ್ಕೂ ಹೌದೆನ್ನುವ ‘ಮೈನಸ್ ವೈ’ ಒತ್ತುವುದಕ್ಕಿಂತ ಮುಂಚೆ ಅನ್‌ಮೌಂಟ್ ಮಾಡಿ, ಡಿಸ್ಕಿನ ಪ್ರತಿ ತೆಗೆದು, ಏನನ್ನೂ ತಿದ್ದದ ‘ಮೈನಸ್ ಎನ್’ನಿಂದ ನೋಡಬೇಕು. ಆಮೇಲೆ ಸಂಖ್ಯೆ ಹೊತ್ತು ಕೂತ ಫೈಲುಗಳನ್ನು ಒಂದೊಂದಾಗಿ ತೆರೆದು, ಹಳೆಯ ಬ್ಯಾಕಪ್ಪಿನೊಂದಿಗೆ ತಾಳೆ ನೋಡಿ ಹೆಸರಿಡುವುದು ಆ ಬರಹ ಬಲ್ಲವರ ಕೆಲಸ. ಅದಕ್ಕೆ ಯಾವ ಕಮಾಂಡೂ ಇಲ್ಲ.