ಪ್ರೇಕ್ಷಕನ ಉಡುಪು

ನಾಟಕಕ್ಕೆ ಹೊರಡುವ ಸಂಜೆ ಏನನ್ನುಡಬೇಕೆಂಬುದು ಕೇವಲ ಅಲಂಕಾರದ ಮಾತೆಂದು ತೋರಬಹುದು; ಆದರೆ ಅದರಲ್ಲಿ ಧರ್ಮಸೂಕ್ಷ್ಮವೊಂದುಂಟು. ಭರತಮುನಿಯು ವೇಷಭೂಷಣಗಳನ್ನು ಆಹಾರ್ಯವೆಂದು ಕರೆದು ನಟನ ಚತುರ್ವಿಧಾಭಿನಯದಲ್ಲಿ ಸೇರಿಸಿದನು. ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರೇಕ್ಷಕನ ಲಕ್ಷಣ ಬರುವಾಗಲಾದರೋ, ಮುಖ್ಯವಾಗಿ ಎಣಿಸುವುದು ಅವನ ಶೀಲವನ್ನೂ ರಸಜ್ಞತೆಯನ್ನೂ.

ಹಾಗೆಂದು ಹೇಗೆ ಹೋದರೂ ಸಾಕೆ? ಒಗೆದ ವಸ್ತ್ರವಿದ್ದೂ ಮಲಿನವಾದುದನ್ನುಟ್ಟು ಹೋಗುವುದು, ಬಹು ಹೊತ್ತು ಕುಳಿತು ಬಣ್ಣ ಹಚ್ಚಿಕೊಂಡ ನಟನಿಗೆ ತೋರುವ ಅನಾದರವೇ ಸರಿ. ಬಾಲಗಂಧರ್ವರು (1888–1967) ಸ್ತ್ರೀವೇಷದಲ್ಲಿ ಸೀರೆಯುಟ್ಟ ರೀತಿಯನ್ನು ಗೃಹಿಣಿಯರು ಅನುಕರಿಸಿದರು. ರಂಗದಿಂದ ಮನೆಗೆ ಸೊಬಗು ಬಂದರೆ ದೋಷವಿಲ್ಲ. ಮನೆಯ ಸಂಪತ್ತು ರಂಗದೊಡನೆ ಸ್ಪರ್ಧೆಗೆ ಹೊರಟಾಗಲೇ ತೊಡಕು. ಜರ್ಮನಿಯ ಬೈರಾಯ್ಟಿನಲ್ಲಿ 1876ರಲ್ಲಿ ತೆರೆದ ನಾಟಕಶಾಲೆಯಲ್ಲಿ ವಾಗ್ನರನು ಪ್ರೇಕ್ಷಕರನ್ನು ಕತ್ತಲೆಯಲ್ಲಿ ಕೂರಿಸಿ ಈ ತೊಡಕನ್ನು ಅರ್ಧ ಪರಿಹರಿಸಿದನು. ನಿರ್ಣಾದಂಥ ಊರಿನ ಬಯಲಿನಲ್ಲಿ ಆಟವಾದರೆ ಆ ಕತ್ತಲೆಯೂ ಇಲ್ಲ. ದೀಪವು ವೇಷದ ಮೇಲೆಯೂ ಮುಂದೆ ಕುಳಿತವರ ಒಡವೆಗಳ ಮೇಲೆಯೂ ಬೀಳುತ್ತದೆ.

ಹಿಂದೆ ಕುಳಿತವಳ ಗತಿಯೇನು? ತನಗಿರುವ ಒಂದೇ ನೂಲಿನ ಸೀರೆಗೆ ನಾಚಿ, ಮುಂದಿನ ಸಲ ಮೈಯಲ್ಲಿ ಆರಾಮಿಲ್ಲವೆಂದು ಮನೆಯಲ್ಲಿಯೇ ಉಳಿಯುವಳು. ನಾಟ್ಯವು ಐದನೆಯ ವೇದವಾಗಿ ಹುಟ್ಟಿದುದು ಎಲ್ಲ ವರ್ಣದವರಿಗೂ ಸಲ್ಲಲೆಂದಲ್ಲವೆ? ಅಂತಹ ತೆರೆದ ಬಾಗಿಲನ್ನು ಒಂದು ಜರತಾರಿ ಸೆರಗು ಮುಚ್ಚಬಲ್ಲುದಾದರೆ, ಪೆಟ್ಟಿಗೆ ತೆಗೆಯುವಾಗಲೇ ಯೋಚಿಸಬೇಕಾಯಿತು. ನೂಲಿನ ಇಳಕಲ್ ಸೀರೆ, ಒಗೆದು ಮಡಿಸಿಟ್ಟ ಧೋತರ—ಇವು ಯಾರನ್ನೂ ನಾಚಿಸವು. ಗಂಡಸರ ರುಮಾಲಿನ ಮಾತು ಬೇರೆ: ಅದು ಎಷ್ಟು ಬೆಲೆಯದಾದರೂ ಆಗಲಿ, ಹಿಂದಿನ ಹುಡುಗನಿಗೆ ರಂಗ ಕಾಣದಿದ್ದರೆ ತೆಗೆದು ತೊಡೆಯ ಮೇಲಿಟ್ಟುಕೊಳ್ಳತಕ್ಕದ್ದು.