ಯೂರಿಕ್ಲಿಯಾಳ ನಿಷ್ಠೆ

ಹೋಮರನ 'ಒಡಿಸ್ಸಿ'ಯನ್ನು ಓದಿದವರು ಮುದುಕಿ ಯೂರಿಕ್ಲಿಯಾಳನ್ನು ಮೆಚ್ಚದಿರಲಾರರು. ನಾನೂ ಮೆಚ್ಚುತ್ತೇನೆ, ಆದರೆ ಒಂದೆಡೆ ಮನಸ್ಸು ತಡೆಯುತ್ತದೆ.

20 ವರ್ಷಗಳ ಮೇಲೆ ಒಡಿಸ್ಯೂಸ್ ಭಿಕ್ಷುಕನ ವೇಷದಲ್ಲಿ ಇಥಾಕಾದ ತನ್ನ ಮನೆಗೆ ಬಂದಿದ್ದಾನೆ. ಹೆಂಡತಿ ಪೆನೆಲೊಪೆಗೂ ಗುರುತು ಹತ್ತಿಲ್ಲ. ಕಾಲು ತೊಳೆಯಲು ಕುಳಿತ ಸಾಕುದಾಯಿಯ ಕೈಗೆ ಮೊಣಕಾಲಿನ ಮೇಲಿನ ಹಳೆಯ ಕಲೆ ತಗಲುತ್ತದೆ. ಪರ್ನಾಸಸ್ ಬೆಟ್ಟದಲ್ಲಿ ಕಾಡುಹಂದಿ ತಿವಿದದ್ದು. ಕಾಲು ಕೈಜಾರುತ್ತದೆ, ಪಾತ್ರೆ ವಾಲಿ ನೀರೆಲ್ಲ ನೆಲದ ಪಾಲು. ನಾವು ನೆನೆಯುವುದು ಇಷ್ಟನ್ನೇ. ಮರುಗಳಿಗೆಯಲ್ಲಿ ಅವನು ಅವಳ ಗಂಟಲು ಹಿಡಿದು, ಬಾಯಿಬಿಟ್ಟರೆ ಸಾಕಿದವಳೆಂದೂ ನೋಡದೆ ಕೊಲ್ಲುವೆನೆಂದದ್ದು ನೆನಪಿನಲ್ಲುಳಿಯುವುದಿಲ್ಲ.

ಅವಳು ಆ ಮನೆಗೆ ತಾನಾಗಿ ಬಂದವಳಲ್ಲ. ಒಡಿಸ್ಯೂಸನ ತಂದೆ ಲೇಯರ್ಟೀಸ್ 20 ಎತ್ತುಗಳ ಬೆಲೆ ತೆತ್ತು ಎಳೆಯ ವಯಸ್ಸಿನಲ್ಲೇ ಅವಳನ್ನು ಕೊಂಡಿದ್ದ. ಅವಳ ತಂದೆಯ, ಅಜ್ಜನ ಹೆಸರುಗಳನ್ನು ಹೋಮರ್ ಹೇಳುತ್ತಾನೆ; ಮಾರಿದವರು ಯಾರೆಂದು ಹೇಳುವುದಿಲ್ಲ. ಉಪ್ಪಿನ ಋಣವೆಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಕೊಂಡು ತಂದವಳಿಗೆ ಎಲ್ಲಿಯ ಋಣ? ಒಲ್ಲೆನೆನ್ನಲಾಗದವಳ ನಿಷ್ಠೆಯನ್ನು ಸದ್ಗುಣವೆನ್ನುವುದು ಒಡೆಯನಿಗೆ ಅನುಕೂಲವಾದ ಮಾತು.

ಹಾಗೆಂದು ಅವಳ ಪ್ರೀತಿಯನ್ನು ಸುಳ್ಳೆನ್ನಲಾರೆ. ಒಡಿಸ್ಯೂಸನ ಮಗ ಟೆಲಿಮೇಕಸ್ ತಂದೆಯ ಸುದ್ದಿ ಹುಡುಕಿ ಹೊರಟಾಗ ಅವಳು ಅತ್ತು ತಡೆದಳು. ಕೇಳದಿದ್ದಾಗ ದ್ರಾಕ್ಷಾರಸ, ಹಿಟ್ಟು ತುಂಬಿಕೊಟ್ಟಳು. 12 ದಿನ ತಾಯಿಗೆ ತಿಳಿಸೆನೆಂದು ಆಣೆಯಿಟ್ಟಳು. ಅಪ್ಪಣೆಗೆ ಅಂಜಿದವರು ಹಾಗೆ ಅಳುವುದಿಲ್ಲ.

ತೊಡಕಿರುವುದು ಮುಂದೆ. ಪೆನೆಲೊಪೆಯನ್ನು ಮದುವೆಯಾಗಬಯಸಿ ಮನೆಯಲ್ಲೇ ಠಿಕಾಣಿ ಹೂಡಿದ್ದವರನ್ನೆಲ್ಲ ಒಡಿಸ್ಯೂಸ್ ಕೊಂದಿದ್ದಾನೆ. ರಕ್ತವನ್ನು ಕಂಡು ಮುದುಕಿ ಹರ್ಷದಿಂದ ಕೂಗಲು ಹೊರಡುತ್ತಾಳೆ. ಸತ್ತವರ ಮೇಲೆ ಹಿಗ್ಗುವುದು ಅಧರ್ಮವೆಂದು ಅವನೇ ತಡೆಯುತ್ತಾನೆ. ತಪ್ಪಿತಸ್ಥ ದಾಸಿಯರು ಯಾರೆಂದು ಕೇಳುತ್ತಾನೆ. 50 ಜನರಲ್ಲಿ 12 ಮಂದಿ ಎಂದು ಅವಳ ಬಳಿ ಲೆಕ್ಕ ಸಿದ್ಧವಾಗಿದೆ. ಅವರಿಂದಲೇ ಹೆಣ ಹೊರಿಸಿ, ಮೇಜು ಕುರ್ಚಿಗಳನ್ನು ತೊಳೆಸಿ, ಆಮೇಲೆ ಟೆಲಿಮೇಕಸ್ ನೇಣು ಹಾಕುತ್ತಾನೆ.

ಅವರಲ್ಲಿ ಕೆಲವರು ನಗುನಗುತ್ತ ಆ ಗಂಡಸರ ಬಳಿ ಹೋದದ್ದೂ ಕಾವ್ಯದಲ್ಲಿದೆ, ನಿಜ. ಆದರೆ ದಾಸಿಯರನ್ನು ಬಲಾತ್ಕಾರ ಮಾಡಿದಿರೆಂದು ಆ ಗಂಡಸರ ಮೇಲೆ ದೋಷ ಹೊರಿಸಿದವನು ಸ್ವತಃ ಒಡಿಸ್ಯೂಸ್! ಬಲಾತ್ಕಾರಕ್ಕೊಳಗಾದವರಿಗೆ ದ್ರೋಹದ ಶಿಕ್ಷೆಯೆ? ಇದನ್ನು ಕೇಳಬೇಕಾಗಿದ್ದವಳು, ಅವರಂತೆಯೇ ಪರರ ಸೊತ್ತಾಗಿದ್ದ ಯೂರಿಕ್ಲಿಯಾ. ಮಗುವಿನ ಮೇಲಿನ ಮಮತೆಗೆ ಆ ಲೆಕ್ಕ ಬೇಕಿರಲಿಲ್ಲ. ಒಡೆಯನ ನಿಷ್ಠೆಗೆ ಬೇಕಾಗಿತ್ತು.

ಬಳಿಕ ಅವನು ಮನೆಯ ಶುದ್ಧಿಗೆ ಗಂಧಕ, ಬೆಂಕಿ ತರಹೇಳುತ್ತಾನೆ. ಮೊದಲು ಈ ಚಿಂದಿ ಕಳೆದು ಒಳ್ಳೆಯ ಬಟ್ಟೆ ಉಡು ಮಗು, ಎನ್ನುತ್ತಾಳೆ ಅವಳು. ಮಹಡಿಗೆ ಓಡಿ ಪೆನೆಲೊಪೆಯನ್ನು ಎಬ್ಬಿಸಿ ಸುದ್ದಿಯೆಲ್ಲ ಹೇಳುತ್ತಾಳೆ. ಅದರಲ್ಲಿ ಆ 12 ಮಂದಿಯ ಮಾತಿಲ್ಲ.